ಎರಡು ಸುತ್ತು

ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಹೊಲಿಗೆ ಯಂತ್ರದ ಮೇಲೆ ಬಂದು ಕೂತಿತು, ಡೊಮಿತಿಲಾ ಮಾತ್ರ ಇನ್ನೂ ನಿಂತೇ ಇದ್ದಳು. ಕುರ್ಚಿ ಅವಳದೇ, ಕೂತು ಕೂತು ರೊಟ್ಟಿಯಂತಾದ ದಿಂಬು ಅವಳದೇ, ಈ ಹೊತ್ತೂ ಅವಳದೇ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಯಂತ್ರ ಅವಳ ಪಾಲು, ಊಟವಾದ ಮೇಲೆ ಬೆಳಕಿರುವವರೆಗೆ ತಂಗಿ ಎಲಾದಿಯಾಳ ಪಾಲು. ಅಮ್ಮ ಸತ್ತಂದಿನಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಈಗ ಎಲಾದಿಯಾ ಸತ್ತು, ಅವಳಿಗಾಗಿ ನಡೆಯುತ್ತಿದ್ದ ಜಪಮಾಲೆಯ ಪ್ರಾರ್ಥನೆ ಒಂಬತ್ತನೆಯ ದಿನಕ್ಕೆ ಬಂದಿದೆ. ಇನ್ನು ಮೇಲೆ ಬೆಳಿಗ್ಗೆಯೂ ತನ್ನದೇ, ಮಧ್ಯಾಹ್ನವೂ ತನ್ನದೇ ಎಂಬುದು ಆ ಕ್ಷಣದಲ್ಲಿ ಅವಳಿಗೆ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯಾಯಿತು. ಯಾರಾದರೂ ನೋಡಿದರೇನೋ ಎಂಬಂತೆ ಹಿಂತಿರುಗಿದಳು. ಯಾರಿದ್ದರು ನೋಡಲಿಕ್ಕೆ? ಆ ಕೋಣೆಗೆ ಎರಡು ಬಾಗಿಲು: ಒಂದು ಬೀದಿಯ ಕಡೆಗಿರುವ ಅವಳ ಭಾಗಕ್ಕೆ, ಇನ್ನೊಂದು ಹಿಂದಿನ ಅಂಗಳದ ಕಡೆಗಿರುವ ತಂಗಿಯ ಭಾಗಕ್ಕೆ. ಆಚೆಯ ಬಾಗಿಲು ಮುಚ್ಚಿತ್ತು. ಅದರ ಸಂದಿಯಿಂದ ಕರಗಿದ ಮೇಣದ ವಾಸನೆಯೂ ಬಾಡಿದ ಹೂವಿನ ವಾಸನೆಯೂ ಬರುತ್ತಿತ್ತು.

ಕೊನೆಗೆ ಬಟ್ಟೆ ತಂದು ಯಂತ್ರದ ಧೂಳು ಒರೆಸತೊಡಗಿದಳು. ಒರೆಸಲಿಕ್ಕೆ ಅಂಥ ಧೂಳೇನೂ ಇರಲಿಲ್ಲ. ಎಡಗೈಯನ್ನು ಮೇಜಿನ ಅಂಚಿಗೆ ಊರಿದಾಗ ಏನೋ ಒಂದು ಸರಿಯಿಲ್ಲ ಅನ್ನಿಸಿತು. ಈ ಮೇಜಿನ ಒಂದು ಕಾಲು ಗಿಡ್ಡ, ಕೈಯೂರಿದರೆ ಎಡಕ್ಕೆ ವಾಲಬೇಕು, ಇವತ್ತು ವಾಲಲಿಲ್ಲ. ತನ್ನ ಕೈಯಲ್ಲೇ ಬಲ ಹೋಗಿದೆಯೇನೋ ಎಂದುಕೊಂಡು ಸುಮ್ಮನಾದಳು. ಊಟ ಸರಿಯಾಗಿ ಸೇರದೆ ಎಷ್ಟು ದಿನವಾಯಿತು. ಚಕ್ರ ಒರೆಸಿದಳು, ದಾರದ ಕಂಬಿ ಒರೆಸಿದಳು, ಸೂಜಿಯ ಸುತ್ತ ಒರೆಸಿದಳು. ದಾರದ ಬಿಗಿಯನ್ನು ಹೆಚ್ಚು ಕಡಿಮೆ ಮಾಡುವ ಬೆರಳ ತುದಿಯಷ್ಟರ ತಿರುಪು ಮಾತ್ರ ಹಾಗೇ ಉಳಿಯಿತು. ಅದನ್ನು ಅವಳು ಕಡೆಯ ಸಲ ಮುಟ್ಟಿದ್ದು ಎಲಾದಿಯಾ ಸಾಯುವುದಕ್ಕೆ ಎರಡು ದಿನ ಮುಂಚೆ, ಶನಿವಾರ. ಮುಟ್ಟಿದ್ದಷ್ಟೇ ಅಲ್ಲ, ಆ ಸಂಜೆ ಒಂದು ಮಾತನ್ನೂ ಹೇಳಿ ಕಳಿಸಿದ್ದಳು. ಆ ಮಾತು ತಂಗಿಯ ಕಿವಿಗೆ ಬಿತ್ತೋ ಇಲ್ಲವೋ, ಅದೊಂದೇ ಈಗ ಅವಳಿಗೆ ಗೊತ್ತಾಗಬೇಕಿದ್ದದ್ದು. ಬಲ್ಲವಳು ಎಲಾದಿಯಾಳ ಮಗಳು ಯೆಸೇನಿಯಾ ಒಬ್ಬಳೇ. ಇಷ್ಟೂ ಸಂಜೆ ಆ ಹುಡುಗಿಯ ಹಿಂದೆಯೇ ಮೊಣಕಾಲೂರಿ ಪ್ರಾರ್ಥನೆ ಹೇಳಿದ್ದಾಳೆ, ಅವಳ ಜಡೆಯನ್ನು ನೋಡಿದ್ದಾಳೆ, ಕೇಳಲಿಕ್ಕೆ ಮಾತ್ರ ಬಾಯಿ ಬಂದಿಲ್ಲ.

ಬೀದಿಯ ಬಾಗಿಲು ಬಡಿದ ಸದ್ದಾಯಿತು. ಕಾರ್ಖಾನೆಯ ಮೇಸ್ತ್ರಿ ದೋನ್ ರುತಿಲಿಯೊ, ಬಾಗಿಲಿಗೆ ಕಟ್ಟಿದ ಸೂತಕದ ಕಪ್ಪು ಪಟ್ಟಿಗೆ ಟೋಪಿ ತಾಗೀತೆಂದು ತಲೆ ತಗ್ಗಿಸಿ ಒಳಗೆ ಬಂದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ. ದುಃಖ ಹೇಳಲು ಬಂದವನ ಮುಖವನ್ನು ಅವನು ಬಹಳ ಹೊತ್ತು ಇಟ್ಟುಕೊಳ್ಳಲಾರ ಎನ್ನುವುದು ಡೊಮಿತಿಲಾಳಿಗೆ ಗೊತ್ತಿತ್ತು.

"ದೇವ್ರು ಅವಳಿಗೆ ಶಾಂತಿ ಕೊಡ್ಲಿ, ದೋನ್ಯ ಡೊಮಿ. ಅಂಥ ಕೈ ಇನ್ನೊಂದು ಸಿಗಲ್ಲ ಬಿಡಿ."

"ಹೂಂ."

"ಈಗ ಕೇಳಬಾರ್ದು, ಆದ್ರೂ ಕೇಳ್ತೀನಿ. ಅವಳ ಹತ್ರ ಆಡಿನ ತೊಗಲಿಂದು ಒಂದಷ್ಟು ಜೊತೆ ಉಳಿದಿವೆ, ಹೆಂಗಸರ ಶೂದು. ಅಂಗಡಿಯೋರು ಕುತ್ತಿಗೆ ಮೇಲೆ ಕೂತಿದಾರೆ. ವಾಪಸ್ ಕೊಟ್ಬಿಟ್ರೆ ಬೇರೆ ಯಾರಿಗಾದ್ರೂ ಕೊಡ್ತೀನಿ."

"ಬೇರೆಯೋರು ಯಾಕೆ? ನಾನೇ ಹೊಲೀತೀನಿ."

ಅವನು ಯಂತ್ರದ ಕಡೆ ನೋಡಿದ, ಆಮೇಲೆ ಅವಳ ಕೈಯ ಕಡೆ ನೋಡಿದ. "ನೀವು ಬೂಟು ಹೊಲಿಯೋರು, ದೋನ್ಯ. ಇದು ಈರುಳ್ಳಿ ಸಿಪ್ಪೆ ಥರ ಇರತ್ತೆ."

"ನಮ್ಮಮ್ಮನ ಮಗಳೇ ನಾನೂನೂ."

"ಸರಿ ಸರಿ, ಕೋಪ ಯಾಕೆ," ಎಂದು ಟೋಪಿ ಹಾಕಿಕೊಂಡ. ಮುಖವೂ ಮೊದಲಿನಂತಾಯಿತು. ಹೊಸ್ತಿಲು ದಾಟಿದ ಮೇಲೆ ತಿರುಗಿ, "ಆ ಶನಿವಾರದ ಬೂಟಿನ ಥರ ಮಾತ್ರ ಮಾಡ್ಬೇಡಿ ಮತ್ತೆ. ನಮ್ ಹುಡುಗೀರು ಇನ್ನೂ ನಗ್ತಿದಾರೆ," ಎಂದು ತಾನೂ ನಕ್ಕು ಹೋದ.

ನಗಲಿ. ನಗಲಿಕ್ಕೇನು, ನಗುವಂಥದ್ದೇ ಮಾಡಿದ್ದಳಲ್ಲ. ಬೂಟು ಹೊಲಿಯುವ ಊರಾದ ಲೆಯೋನಿನ ಈ ಕೇರಿಯಲ್ಲಿ ಯಾವ ಬಾಗಿಲಿಗೆ ಕಿವಿ ಕೊಟ್ಟರೂ ತೊಗಲು ಹೊಲಿಯುವ ಸದ್ದೇ. ಇಲ್ಲಿ ಹುಟ್ಟಿದ ಹೆಣ್ಣಿಗೆ ಹೊಲಿಗೆ ಕೆಡುವುದೆಂದರೆ ಬೀದಿಯಲ್ಲಿ ಲಂಗ ಜಾರಿದಂತೆ. ಬಟ್ಟೆಯಾದರೆ ಪರವಾಗಿಲ್ಲ, ಬಿಚ್ಚಿ ಮತ್ತೆ ಹೊಲಿಯಬಹುದು, ಇಸ್ತ್ರಿ ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ. ತೊಗಲು ಹಾಗಲ್ಲ. ಒಮ್ಮೆ ಬಿದ್ದ ತೂತು ಬಿದ್ದದ್ದೇ. ಅಮ್ಮ ಅವರಿಬ್ಬರಿಗೂ ಇದೇ ಯಂತ್ರದ ಮುಂದೆ ಕಲಿಸಿದ್ದು ಅದನ್ನೇ: "ಅದು ಒಂದು ಕಾಲದಲ್ಲಿ ಚರ್ಮ ಆಗಿತ್ತು ಕಣ್ರೇ, ಅದಕ್ಕೆ ನೆನಪಿರತ್ತೆ. ಮೊದ್ಲು ಚೂರಿನ ಮೇಲೆ ಹೊಲಿದು ನೋಡಿ, ಆಮೇಲೆ ಮಾಲಿಗೆ ಕೈ ಹಾಕಿ." ಅಮ್ಮ ಹಾಗೆ ಹೇಳುವಾಗ ಬಾಯಲ್ಲಿ ದಾರದ ತುದಿ ಇರುತ್ತಿತ್ತು, ಮಾತೆಲ್ಲ ಹಲ್ಲಿನ ಸಂದಿಯಿಂದ ಬರುತ್ತಿತ್ತು, ಎಲಾದಿಯಾ ಹಿಂದೆ ನಿಂತು ಹಾಗೆಯೇ ಅಣಕಿಸುತ್ತಿದ್ದಳು. ಆಗ ಎಲಾದಿಯಾಳಿಗೆ ಮುಂದಿನ ಹಲ್ಲು ಬಿದ್ದಿತ್ತು.

ಅಮ್ಮ ಊರವರ ಕಾಲಿಗೆಲ್ಲ ಹೊಲಿದಳು. ಸತ್ತಾಗ ಅವಳ ಕಾಲು ಬಾತು ಯಾವ ಜೋಡಿಗೂ ಹೋಗದಂತಾಗಿತ್ತು. ಬರಿಗಾಲಲ್ಲಿ ಹೇಗೆ ಕಳಿಸುವುದು, ಅದೂ ಅಮ್ಮನನ್ನು, ಅದೂ ಈ ಊರಿನಿಂದ? ಡೊಮಿತಿಲಾ ಕರಿಯ ಜೋಡಿಯೊಂದನ್ನು ತಂದು, ತಳ್ಳಿ, ಒತ್ತಿ, ಆಗದೆ ಹೋದಾಗ ತೊಗಲು ಕೊಯ್ಯುವ ಚಾಕು ತೆಗೆದುಕೊಂಡು ಹಿಮ್ಮಡಿಯ ಹೊಲಿಗೆಯನ್ನು ಸೀಳತೊಡಗಿದಳು. ಸುತ್ತ ನೆರೆಯವರೆಲ್ಲ ನಿಂತಿದ್ದರು. ಆಗ ಎಲಾದಿಯಾ ಅಷ್ಟು ಜನರ ಮುಂದೆ ಕಿರುಚಿದ್ದಳು: "ಬದುಕಿದ್ದಾಗ ಒಂದ್ ಜೊತೆ ತಂದು ಹಾಕ್ಲಿಲ್ಲ, ಈಗ ಸತ್ತವಳ ಕಾಲಿಗೆ ಚಾಕು ಹಿಡ್ಕೊಂಡು ಕೂತಿದೀಯಲ್ಲ ಅಕ್ಕ!" ಅದು ಸುಳ್ಳಾಗಿದ್ದರೆ ಡೊಮಿತಿಲಾ ಮಾರನೆಯ ದಿನವೇ ಮರೆಯುತ್ತಿದ್ದಳು. ಚಾಕು ಕೆಳಗಿಟ್ಟಳು, ಅಮ್ಮ ಬರಿಗಾಲಲ್ಲೇ ಹೋದಳು, ಅಕ್ಕತಂಗಿಯರ ನಡುವೆ ಮಾತು ನಿಂತುಹೋಯಿತು. ಮನೆಯನ್ನು ಹಂಚಿಕೊಂಡರು, ಪಾತ್ರೆಪಗಡೆ ಹಂಚಿಕೊಂಡರು. ಯಂತ್ರವನ್ನು ಮಾತ್ರ ಕೊಯ್ದು ಹಂಚಲಿಕ್ಕಾಗಲಿಲ್ಲ.

ಒಂದೇ ಯಂತ್ರದಲ್ಲಿ ಹೊಲಿಯುವವರು ಮಾತು ಬಿಟ್ಟರೂ ಪೂರ್ತಿ ಬಿಟ್ಟಂತಾಗುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಡೊಮಿತಿಲಾ ಹೊಲಿಯುತ್ತಿದ್ದದ್ದು ಗಂಡಸರ ಬೂಟಿನ ದಪ್ಪ ತೊಗಲು. ಅದಕ್ಕೆ ದಪ್ಪ ದಾರ, ದಪ್ಪ ದಾರಕ್ಕೆ ದಪ್ಪ ಸೂಜಿ, ಆ ದಾರವನ್ನು ತೊಗಲಿನೊಳಗೆ ಎಳೆದು ಕೂರಿಸಲು ಹೆಚ್ಚು ಬಿಗಿ. ಎಲಾದಿಯಾಳದು ಆಡಿನ ತೆಳು ತೊಗಲು. ಅಲ್ಲಿ ಎಲ್ಲವೂ ಸಣ್ಣದು, ಸಡಿಲು. ತೆಳು ತೊಗಲಿಗೆ ದಪ್ಪ ಸೂಜಿ ಹೋದರೆ ತೂತು ಬಾಯಿ ಬಿಟ್ಟುಕೊಳ್ಳುತ್ತದೆ. ದಪ್ಪ ದಾರವನ್ನು ಸಣ್ಣ ಸೂಜಿಗೆ ಏರಿಸಿದರೆ ಎಳೆ ಎಳೆಯಾಗಿ ಹರಿಯುತ್ತದೆ. ಹಾಗಾಗಿ ಮಧ್ಯಾಹ್ನ ಎಲಾದಿಯಾ ಬಂದು ಸೂಜಿ ಬದಲಿಸಿ ತಿರುಪನ್ನು ಎಡಕ್ಕೆ ಎರಡು ಸುತ್ತು ಸಡಿಲಿಸುತ್ತಿದ್ದಳು. ಬೆಳಿಗ್ಗೆ ಡೊಮಿತಿಲಾ ಬಂದು ಸೂಜಿ ಬದಲಿಸಿ ಬಲಕ್ಕೆ ಎರಡು ಸುತ್ತು ಬಿಗಿಸುತ್ತಿದ್ದಳು. ಬೇಕಿದ್ದರೆ ಏಳುವ ಮೊದಲು ಒಬ್ಬರು ಇನ್ನೊಬ್ಬರಿಗೆ ಸರಿಮಾಡಿ ಇಟ್ಟು ಹೋಗಬಹುದಿತ್ತು. ಇಬ್ಬರೂ ಮಾಡಲಿಲ್ಲ. ಮಾಡಬಾರದೆಂಬ ಹಟ ಮೊದಲು. ಹಟ ಹಳತಾದ ಮೇಲೆ ಅದೇ ಅಭ್ಯಾಸ. ಬೆಳಿಗ್ಗೆ ಆ ಎರಡು ಸುತ್ತು ತಿರುಗಿಸುವಾಗ ಡೊಮಿತಿಲಾಳಿಗೆ ತಂಗಿ ಬದುಕಿದ್ದಾಳೆ, ನೆನ್ನೆ ಇಲ್ಲಿ ಕೂತಿದ್ದಳು, ಇನ್ನೂ ಕೋಪದಲ್ಲೇ ಇದ್ದಾಳೆ ಎಂದು ಗೊತ್ತಾಗುತ್ತಿತ್ತು. ಜ್ವರ ಬಂದು ಎಲಾದಿಯಾ ಹೊಲಿಯದ ದಿನ ತಿರುಪು ತಾನಿಟ್ಟಲ್ಲೇ ಇರುತ್ತಿತ್ತು; ಆಗ ಇವಳು ಸುಮ್ಮಸುಮ್ಮನೆ ಅಂಗಳದ ನಲ್ಲಿಯ ತನಕ ಹೋಗಿ, ಆ ಕಡೆ ಕೆಮ್ಮುವ ಸದ್ದು ಕೇಳಿ ಬರುತ್ತಿದ್ದಳು. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದಳು.

ಈಚೆಗೆ ಒಂದು ವರ್ಷದಿಂದ ಅವಳ ಬಲಗೈ ಹೆಬ್ಬೆರಳ ಗೆಣ್ಣು ಊದಿತ್ತು. ಬೆಳಗಿನ ಚಳಿಗೆ ತಿರುಪು ಹಿಡಿದರೆ ನೋವು ಮೊಣಕೈಯವರೆಗೆ ಏರುತ್ತಿತ್ತು. ನಲ್ಲಿಯ ಹತ್ತಿರ ಕೈಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಾಗ ಒಂದೆರಡು ಸಲ ಎಲಾದಿಯಾ ಆಚೆಯಿಂದ ನೋಡಿದ್ದಳು. ಇವಳು ಕೈಯನ್ನು ಹೊದ್ದ ಶಾಲಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಮತ್ತೆ ಆ ಶನಿವಾರ. ಬಂದು ಕೂತಳು, ಸೂಜಿ ಬದಲಿಸಲು ಬಗ್ಗಿದಳು, ಅಲ್ಲಿ ದಪ್ಪ ಸೂಜಿಯೇ ಇತ್ತು. ಹೊಸದು. ಅವಳದೇ ಕಂದು ದಾರ ಕಂಬಿಯಿಂದ ಸೂಜಿಯ ಕಣ್ಣಿನವರೆಗೆ ಏರಿತ್ತು. ಮೊದಲು ಬಂದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಬೇಕು. ಆದರೆ ಅದು ನಿಲ್ಲುವ ಮೊದಲೇ ಹಿಂದಿನಿಂದ ಇನ್ನೊಂದು ಬಂದು ತಳ್ಳಿತು. ಏನಿದರ ಅರ್ಥ? ನಿನ್ನ ಕೈ ಕೈಲಾಗದ್ದು, ಸೂಜಿ ಏರಿಸಲೂ ನಾನೇ ಬೇಕು ಅಂತಲೇ? ಕೇರಿಯಲ್ಲಿ ಯಾರೂ ಇನ್ನೊಬ್ಬರ ಯಂತ್ರವನ್ನು ಕೇಳದೆ ಸರಿಮಾಡುವುದಿಲ್ಲ. ಮುದುಕಿಯರಿಗೆ, ಕೈ ನಡುಗುವವರಿಗೆ ಮಾತ್ರ ಹಾಗೆ ಮಾಡಿಕೊಡುತ್ತಾರೆ, ಮಾಡಿಕೊಟ್ಟು ಆಚೆ ಬಂದು ಪಾಪ ಅನ್ನುತ್ತಾರೆ. ಹೀಗೆ ಯೋಚಿಸುತ್ತಲೇ ಅವಳ ಕೈ ತಿರುಪಿಗೆ ಹೋಗಿ ಬಲಕ್ಕೆ ಎರಡು ಸುತ್ತು ತಿರುಗಿಸಿತು. ಸೂಜಿ ಕಣ್ಣಿಗೆ ಕಾಣುತ್ತದೆ, ದಾರ ಕಾಣುತ್ತದೆ, ಬಿಗಿ ಕಾಣುವುದಿಲ್ಲ. ದಾರವನ್ನು ಒಮ್ಮೆ ಕೈಯಿಂದ ಎಳೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಚೂರಿನ ಮೇಲೆ ಒಂದು ಗೆರೆ ಹೊಲಿದಿದ್ದರೂ ಸಾಕಿತ್ತು. ತಂಗಿ ಸೂಜಿ ಹಾಕಿದ್ದನ್ನು ಅವಳು ನಂಬಿದಳು, ಬಿಗಿಯನ್ನೂ ತನಗಾಗಿ ಸರಿಮಾಡಿಟ್ಟಿರಬಹುದು ಎಂದು ನಂಬಲಿಲ್ಲ. ಅಷ್ಟು ದೂರ ಅವಳ ಬುದ್ಧಿ ಹೋಗಲೇ ಇಲ್ಲ.

ಎರಡರ ಮೇಲೆ ಎರಡು ಸುತ್ತು. ಕೆಳಗಿನ ದಾರ ಚುಕ್ಕಿ ಚುಕ್ಕಿಯಾಗಿ ಮೇಲೆದ್ದು ಬಂತು, ಬೂಟಿನ ಕತ್ತಿನ ಬಳಿ ತೊಗಲು ಮುದುರಿ ಅಂಚಿನಲ್ಲಿ ದಾರವೇ ಅದನ್ನು ಕೊಯ್ದುಬಿಟ್ಟಿತು. ಕೋಪದ ಭರದಲ್ಲಿ ಅವಳು ನೋಡಿದ್ದು ಎರಡೂ ಬೂಟಿನ ತೊಗಲು ಮುಗಿದ ಮೇಲೆ. ಕಾರ್ಖಾನೆಯಲ್ಲಿ ದೋನ್ ರುತಿಲಿಯೊ ಅದನ್ನು ಬೆಳಕಿಗೆ ಎತ್ತಿ ಹಿಡಿದು, "ಏನ್ ದೋನ್ಯ, ತಂತಿಯಲ್ಲಿ ಹೊಲಿದ್ರಾ?" ಎಂದಾಗ ಅಂಟು ಹಚ್ಚುವ ಹುಡುಗಿಯರು ಕೈಯಿಂದ ಬಾಯಿ ಮುಚ್ಚಿಕೊಂಡರು. ಮನೆಗೆ ಬಂದವಳೇ ನೆಟ್ಟಗೆ ಅಂಗಳಕ್ಕೆ ಹೋಗಿ, ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಯೆಸೇನಿಯಾಳಿಗೆ ಅಂದಳು: "ನಿಮ್ಮಮ್ಮಂಗೆ ಹೇಳು, ನನ್ನ ಸೂಜಿ ದಾರಕ್ಕೆ ಕೈ ಹಾಕ್ಬೇಡ ಅಂತ. ಇಬ್ಬರಲ್ಲಿ ಒಬ್ರು ಸಾಯೋತನಕ ಮುಟ್ಟದೆ ಇದ್ರೆ ಅಷ್ಟೇ ಉಪಕಾರ ಅಂತ ಹೇಳು." ಹುಡುಗಿ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಸೋಮವಾರ ಬೆಳಗಾಗುವ ಹೊತ್ತಿಗೆ ಎಲಾದಿಯಾಳ ಎದೆಬಡಿತ ನಿಂತುಹೋಗಿತ್ತು.

ಆಚೆಯ ಬಾಗಿಲು ಮೆಲ್ಲಗೆ ತೆರೆಯಿತು. ಯೆಸೇನಿಯಾ ಒಂದು ಕೈಯಲ್ಲಿ ಅಟೋಲೆ ಗಂಜಿಯ ಲೋಟ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು, ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಬಂದಳು. ಅಳುವುದೆಲ್ಲ ಮುಗಿದು ಅವಳ ಮುಖ ತೊಳೆದಿಟ್ಟ ಬಟ್ಟಲಿನ ಹಾಗಿತ್ತು.

"ಬಿಸಿ ಇದೆ ದೊಡ್ಡಮ್ಮ, ಕುಡೀರಿ. ನೆನ್ನೆನೂ ನೀವು ಏನೂ ಮುಟ್ಲಿಲ್ಲ, ನಾನು ನೋಡ್ದೆ."

"ನೋಡಿದ್ಯಾ?"

"ಬಾಗಿಲ ಪಕ್ಕದ ಬೆಂಚಲ್ಲಿ ಕೂತ್ಕೋತೀರಿ. ರೊಟ್ಟಿ ತಗೊಂಡು ಚೀಲದಲ್ಲಿ ಹಾಕ್ಕೋತೀರಿ, ತಿನ್ನಲ್ಲ." ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ಇದು ಅಮ್ಮಂದು, ಆಡಿನ ತೊಗಲು. ದೋನ್ ರುತಿಲಿಯೊ ಅಂಗಳದ ಕಡೆಯಿಂದ ಬಂದು, ನೀವೇ ಹೊಲೀತೀರಂತೆ, ಅಂದು ಹೋದ್ರು. ನಿಜಾನಾ?"

"ಹೂಂ ಅಂದ್ಬಿಟ್ಟೆ."

ಹುಡುಗಿ ಲೋಟವನ್ನು ಅವಳ ಕೈಗಿಟ್ಟು, "ಸಂಜೆ ಶಿಲುಬೆ ಎತ್ತೋದಿದೆಯಲ್ಲ," ಎಂದಳು. ಶವದ ಪೆಟ್ಟಿಗೆ ಇದ್ದ ಜಾಗದಲ್ಲಿ ಸುಣ್ಣದ ಪುಡಿಯಿಂದ ಬಿಡಿಸಿದ ಶಿಲುಬೆ. ಕೊನೆಯ ದಿನ ಅದನ್ನು ಒಬ್ಬೊಬ್ಬರು ಒಂದೊಂದು ಭಾಗದಂತೆ ಹೂವಿನಿಂದ ಬಳಿದು ಎತ್ತಿ, ಮಾರನೆಯ ದಿನ ಗೋರಿಗೆ ಒಯ್ಯಬೇಕು. "ತಲೆ ಕಡೆ ಅಪ್ಪನ ಅಣ್ಣ ಎತ್ತುತಾರೆ. ಎರಡು ಕೈ ಪಕ್ಕದ ಮನೆಯವ್ರು. ಎದೆ ಭಾಗ ನಾನು. ಕಾಲು ನೀವು ಎತ್ತಬೇಕು."

"ನಾನ್ಯಾಕೆ? ಕಾಲೇ ಯಾಕೆ?"

"ಉಳಿದಿರೋದು ಅದೇ, ದೊಡ್ಡಮ್ಮ."

ಡೊಮಿತಿಲಾಳಿಗೆ ನಗು ಬಂದುಬಿಟ್ಟಿತು, ನಗು ನಿಲ್ಲುವ ಮೊದಲೇ ತನ್ನ ಕೈ ನೋಡಿಕೊಂಡಳು. ಈ ಕೈಯಿಂದ ಹೇಗೆ ಎತ್ತುವುದು? ಆ ಮಾತು ಎಲಾದಿಯಾಳನ್ನು ಮುಟ್ಟಿದ್ದರೆ, ಅದನ್ನು ಎದೆಯಲ್ಲಿಟ್ಟುಕೊಂಡೇ ಅವಳು ಹೋಗಿದ್ದರೆ, ಇಡೀ ಕೇರಿಯ ಮುಂದೆ ಮೊಣಕಾಲೂರಿ ಅವಳ ಕಾಲಿನ ಸುಣ್ಣ ಬಳಿಯುವುದು ಹೇಗೆ? ಲೋಟವನ್ನು ಕೆಳಗಿಟ್ಟಳು.

"ಯೆಸೇನಿಯಾ, ಆ ಶನಿವಾರ ನಾನೊಂದು ಮಾತು ಹೇಳಿದ್ದೆ."

"ಹೂಂ."

"ಅದನ್ನ ನಿಮ್ಮಮ್ಮಂಗೆ ಹೇಳಿದ್ಯಾ?"

ಹುಡುಗಿ ಬುಟ್ಟಿಯ ಬಟ್ಟೆಯನ್ನು ಸರಿಮಾಡಿದಳು. ಇಲ್ಲ ಅನ್ನು, ತಾಯಿ, ಇಲ್ಲ ಅಂದುಬಿಡು ಎಂದು ಡೊಮಿತಿಲಾ ಮನಸ್ಸಿನಲ್ಲೇ ಬೇಡಿಕೊಂಡಳು. ಸುಳ್ಳಾದರೂ ಸರಿ.

"ಹೇಳ್ದೆ. ಸಾಯೋತನಕ ಅನ್ನೋದನ್ನ ಬಿಟ್ಟು ಹೇಳ್ದೆ. ಆದ್ರೆ ಬೂಟು ಕೆಟ್ಟಿದ್ದು ಅಮ್ಮಂಗೆ ಆಗ್ಲೇ ಗೊತ್ತಾಗಿತ್ತು, ಯಾರೋ ಬಂದು ಹೇಳಿದ್ರು."

"ಏನಂದಳು? ಬೈದಳಾ?"

"ಇಲ್ಲ. 'ಅಕ್ಕ ತಿರುಪು ಎಷ್ಟು ತಿರುಗಿಸಿದಳಂತೆ?' ಅಂತ ಕೇಳಿದ್ಲು. ನಂಗೇನು ಗೊತ್ತು, ಗೊತ್ತಿಲ್ಲ ಅಂದೆ. ಆಮೇಲೆ ತಾನೇ, 'ಎರಡು ಸುತ್ತು ತಿರುಗಿಸಿರ್ತಾಳೆ. ಅವಳ ಕೈಗೆ ಅದೇ ಅಭ್ಯಾಸ. ಬಿಗಿನೂ ನಾನೇ ಇಟ್ಟಿದೀನಿ ಅಂತ ಒಂದು ಮಾತು ಹೇಳಿ ಕಳಿಸ್ಬೇಕಿತ್ತು. ತಪ್ಪು ನಂದೇ' ಅಂದ್ಲು. ಭಾನುವಾರ ಪೂರ್ತಿ ಅದನ್ನೇ ಹೇಳ್ತಿದ್ಲು, 'ಅವಳ ಜೊತೆ ಕೆಡಿಸ್ಬಿಟ್ನಲ್ಲ, ಆ ಹುಡುಗೀರ ಮುಂದೆ ಅವಳ ಮಾನ ತೆಗೆದ್ಬಿಟ್ನಲ್ಲ' ಅಂತ. ನಾನೇ ಬೈದೆ, ಒಂದು ಜೊತೆ ಬೂಟಿಗೆ ಇಷ್ಟೊಂದು ಯಾಕೆ ಅಂತ."

ಡೊಮಿತಿಲಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮಾತು ಮುಟ್ಟಿತು ಎನ್ನುವುದಕ್ಕೂ ಮುಟ್ಟಲಿಲ್ಲ ಎನ್ನುವುದಕ್ಕೂ ಅವಳು ತಯಾರಾಗಿದ್ದಳು. ತಪ್ಪನ್ನು ಎಲಾದಿಯಾ ತಾನೇ ಹೊತ್ತುಕೊಂಡು ಹೋಗಿರಬಹುದು ಎನ್ನುವುದಕ್ಕೆ ತಯಾರಾಗಿರಲಿಲ್ಲ.

"ಅವಳು ಯಾಕೆ ಮಾಡಿದ್ಲು ಅದನ್ನ?" ಎಂದಳು. ದನಿ ಎದ್ದದ್ದು ಜಗಳದ ದನಿಯಂತೆಯೇ. "ಯಾರು ಕೇಳಿದ್ರು ಅವಳನ್ನ?"

"ನಿಮ್ಮ ಹೆಬ್ಬೆರಳು ಊದಿದೆ ಅಂತ. ಚಳಿಗೆ ಆ ತಿರುಪು ಅಕ್ಕನ ಕೈಗೆ ಬಗ್ಗಲ್ಲ, ಬೆಳಿಗ್ಗೆ ಬಂದು ಕೂತ ತಕ್ಷಣ ಹೊಲಿಯೋ ಹಾಗೆ ಇಟ್ಬಿಟ್ರೆ ಆಯ್ತು ಅಂತ. ಶುಕ್ರವಾರ ಮಧ್ಯಾಹ್ನ ತನ್ನದೊಂದೂ ಹೊಲೀಲಿಲ್ಲ ದೊಡ್ಡಮ್ಮ. ಬೆಳಕು ಹೋಗೋತನಕ ಇಲ್ಲೇ ಇದ್ಲು. ಕರೆಯೋಕೆ ಬಂದಾಗ ಮೇಜಿನ ಕೆಳಗೆ ಬಗ್ಗಿ ಏನೋ ಸಿಗಿಸ್ತಿದ್ಲು, ಏದುಸಿರು ಹತ್ತಿತ್ತು, ನಾನೇ ಹಿಡಿದು ಎಬ್ಬಿಸ್ದೆ. ಆಮೇಲೆ ಯಂತ್ರದ ಹತ್ರ ಬರ್ಲೇ ಇಲ್ಲ." ಬಾಗಿಲವರೆಗೆ ಹೋಗಿ ನಿಂತಳು. "ಕಾಲಿನ ಕಡೆ ನೀವೇ. ಬೇರೆಯವ್ರನ್ನ ನಾನು ಕೇಳಲ್ಲ."

ಅವಳು ಹೋದ ಮೇಲೆ ಡೊಮಿತಿಲಾ ಮೊಣಕಾಲೂರಿ ಮೇಜಿನ ಕೆಳಗೆ ನೋಡಿದಳು. ಗಿಡ್ಡ ಕಾಲಿನ ಅಡಿಯಲ್ಲಿ ಮಡಿಸಿದ ತೊಗಲಿನ ಚೂರೊಂದು ಸಿಕ್ಕಿಸಿತ್ತು. ಅಷ್ಟು ವರ್ಷ ವಾಲುತ್ತಿದ್ದ ಮೇಜು. ಅವಳು ಸರಿಮಾಡಲಿ ಎಂದು ಇವಳು, ಇವಳು ಸರಿಮಾಡಲಿ ಎಂದು ಅವಳು ಬಿಟ್ಟಿದ್ದ ಕಾಲು. ಹೆಗಲು ಕೊಟ್ಟು ಮೇಜನ್ನು ಎತ್ತಿ ಚೂರನ್ನು ಎಳೆದುಕೊಂಡಳು. ಅದು ತನ್ನದೇ ಬೂಟಿನ ತೊಗಲು, ಕಸದ ಡಬ್ಬಿಗೆ ಹಾಕಿದ್ದ ತುಂಡು. ಬಿಡಿಸಿ ಬಿಸಿಲಿಗೆ ಹಿಡಿದಾಗ ಅದರ ತುಂಬ ಹೊಲಿಗೆಯ ಗೆರೆಗಳು ಕಂಡವು, ಒಂದರ ಪಕ್ಕ ಒಂದು.

ಮೊದಲ ಗೆರೆಯನ್ನು ಎಲಾದಿಯಾ ತನ್ನ ಸಣ್ಣ ಸೂಜಿಯಲ್ಲೇ ಹೊಲಿದಿದ್ದಳು. ದಾರ ಅರ್ಧದಲ್ಲಿ ಹರಿದು ಎಳೆ ಎಳೆಯಾಗಿತ್ತು. ಎರಡನೆಯದರಲ್ಲಿ ಸೂಜಿ ದಪ್ಪ, ಬಿಗಿ ಮಾತ್ರ ಎಲಾದಿಯಾಳದೇ. ಚೂರನ್ನು ಮಗುಚಿದರೆ ಹಿಂಬದಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನೇತಾಡುತ್ತಿತ್ತು. ಅದರ ಪಕ್ಕದ್ದರಲ್ಲಿ ಕುಣಿಕೆ ಸ್ವಲ್ಪ ಸಣ್ಣದು. ಪಕ್ಕದ್ದರಲ್ಲಿ ಇನ್ನೂ ಸಣ್ಣದು. ಆಮೇಲೊಂದು ಅತಿಯಾಗಿ ಬಿಗಿದು ಕೆಳದಾರ ಮೇಲೆ ಬಂದಿತ್ತು, ಅದಾದ ಮೇಲೆ ಮತ್ತೆ ಸಡಿಲ. ಹೂವಿನ ಪಕಳೆಯಂಥ ತೊಗಲನ್ನು ತಪ್ಪದೆ ಹೊಲಿಯುತ್ತಿದ್ದವಳು ದಪ್ಪ ತೊಗಲಿನ ಮುಂದೆ ಕಲಿಯುವ ಹುಡುಗಿಯಂತೆ ಅಡ್ಡಾದಿಡ್ಡಿ ಹೋಗಿದ್ದಳು. ಒಂದು ಕಡೆ ಸೂಜಿ ಮುರಿದ ಗುರುತಿತ್ತು. ಉಸಿರಾಡಲು ನಿಂತ ಕಡೆ ಹೊಲಿಗೆ ನಿಂತು, ಎರಡು ತೂತು ಒಂದರ ಮೇಲೊಂದು ಬಿದ್ದು, ಮತ್ತೆ ಮುಂದುವರಿದಿತ್ತು. ಡೊಮಿತಿಲಾಳಿಗೆ ಓದುಬರಹ ಅಷ್ಟಕ್ಕಷ್ಟೇ, ಆದರೆ ಇದನ್ನು ಓದಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ಸುತ್ತು ಎಂದು ಒಂದು ಮಾತು ಕೇಳಿದ್ದರೆ ಇದೊಂದೂ ಬೇಕಿರಲಿಲ್ಲ. ಕೇಳಲಿಕ್ಕೆ ನಡುವೆ ಬಾಗಿಲಿತ್ತು. ಕೇಳದೆಯೇ ಒಂದು ಮಧ್ಯಾಹ್ನವೆಲ್ಲ ಕೂತು, ಅಕ್ಕನ ಬಿಗಿ ಎಷ್ಟೆಂದು ಗೆರೆ ಗೆರೆಯಾಗಿ ಹುಡುಕಿಕೊಂಡು ಹೋಗಿದ್ದಳು. ಕೊನೆಯ ಗೆರೆ ಮೇಲೂ ಸಮ, ಕೆಳಗೂ ಸಮ. ಡೊಮಿತಿಲಾ ಆ ಗೆರೆಯ ಮೇಲೆ ಊದಿದ ಹೆಬ್ಬೆರಳನ್ನು ಆಡಿಸಿದಳು. ಆಮೇಲೆ ನೆಲದ ಮೇಲೆಯೇ ಕೂತು ಅತ್ತಳು. ಒಂಬತ್ತು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು.

ಊಟದ ಹೊತ್ತು ಕಳೆದ ಮೇಲೆ, ತಂಗಿಯ ಪಾಲಿನ ಹೊತ್ತಿನಲ್ಲಿ, ಬಂದು ಕೂತಳು. ಚೂರನ್ನು ಮೊದಲಿನಂತೆ ಮಡಿಸಿ ಮೇಜಿನ ಕಾಲಿನಡಿ ಇಟ್ಟಿದ್ದಳು. ತನ್ನ ಕುರ್ಚಿ ಸರಿಸಿ, ಆಚೆಯ ಬಾಗಿಲ ಬಳಿ ಗೋಡೆಗೆ ಒರಗಿದ್ದ ಎಲಾದಿಯಾಳ ಕುರ್ಚಿ ಎಳೆದುಕೊಂಡಳು. ಅದು ಸ್ವಲ್ಪ ತಗ್ಗು, ಯಂತ್ರ ಎದೆಯ ಮಟ್ಟಕ್ಕೆ ಬಂತು. ತಿರುಪನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿದಳು. ಶುಕ್ರವಾರ ಸಂಜೆ ಎಲಾದಿಯಾಳ ಬೆರಳು ಬಿಟ್ಟ ಜಾಗ ಇದೇ. ಅಲ್ಲೇ ನಿಲ್ಲಿಸಿಬಿಡೋಣ, ಇನ್ನೆಂದೂ ಮುಟ್ಟುವುದು ಬೇಡ ಅನ್ನಿಸಿತು. ಆದರೆ ಬುಟ್ಟಿಯಲ್ಲಿ ಅವಳ ಕೆಲಸ ಅರ್ಧಕ್ಕೆ ನಿಂತು ಕಾಯುತ್ತಿತ್ತು, ಅದಕ್ಕೆ ಈ ಬಿಗಿ ಆಗುವುದಿಲ್ಲ. ಸೂಜಿ ಬದಲಿಸಿ, ಸಣ್ಣ ದಾರ ಏರಿಸಿ, ಇನ್ನೂ ಎರಡು ಸುತ್ತು ಸಡಿಲಿಸಿ, ಆಡಿನ ತೊಗಲಿನ ಚೂರಿನ ಮೇಲೆ ಹೊಲಿದು ನೋಡಿದಳು. ಸುಕ್ಕು ಬಂತು. ಚೂರೇ ಚೂರು ಸಡಿಲಿಸಿದಳು. ಮತ್ತೆ ಹೊಲಿದಳು, ಮಗುಚಿ ನೋಡಿದಳು, ಕುಣಿಕೆ ಬಂತು. ಮತ್ತೆ ತಿರುಗಿಸಿದಳು. ಎಷ್ಟೋ ಗೆರೆಗಳಾದ ಮೇಲೆ ಒಂದು ಸಮನಾಗಿ ಬಂತು, ಎಲಾದಿಯಾಳ ಹೊಲಿಗೆಯ ಪಕ್ಕ ಇಟ್ಟು ನೋಡಿದರೆ ಯಾವುದು ಯಾರದೆಂದು ತಿಳಿಯದಷ್ಟು. ಆಗ ಬುಟ್ಟಿಯ ಮಾಲಿಗೆ ಕೈ ಹಾಕಿ, ತಂಗಿ ನಿಲ್ಲಿಸಿದ ತೂತಿನಿಂದಲೇ ಶುರುಮಾಡಿದಳು.

ಬೆಳಕು ಹೋದಾಗ ಎದ್ದಳು. ಯಂತ್ರವನ್ನು ಹೇಗಿತ್ತೋ ಹಾಗೇ ಬಿಟ್ಟಳು. ಆಚೆಯ ಬಾಗಿಲು ದಾಟಿ ಹೋಗಿ, ಬೆಂಚಿನ ಮೇಲೆ ಕೂರದೆ, ಮೇಣದಬತ್ತಿಗಳ ಹತ್ತಿರ ಹೋಗಿ ನಿಂತಳು. ಜನ ಪಿಸುಗುಟ್ಟಿದರು, ಪಿಸುಗುಟ್ಟಲಿ. ತಲೆಯಾಯಿತು, ಕೈಗಳಾದವು, ಎದೆಯಾಯಿತು. ಅವಳ ಸರದಿ ಬಂದಾಗ ಮೊಣಕಾಲೂರಿ ಬಿಳಿ ಹೂವಿನಿಂದ ಕಾಲಿನ ಕಡೆಯ ಸುಣ್ಣವನ್ನು ಬಳಿದಳು. ಎಷ್ಟು ಬಳಿದರೂ ನೆಲದ ಬಿರುಕಿನಲ್ಲಿ ಒಂದಿಷ್ಟು ಉಳಿಯಿತು. ಯೆಸೇನಿಯಾ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿದಳು.

ಮಾರನೆಯ ಬೆಳಿಗ್ಗೆ ಚಳಿಯಿತ್ತು. ಡೊಮಿತಿಲಾ ತನ್ನ ಹೊತ್ತಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಬೂಟಿನ ತೊಗಲನ್ನು ಬಲಗಡೆ ಇಟ್ಟುಕೊಂಡಳು. ಯಂತ್ರದಲ್ಲಿ ಸಣ್ಣ ಸೂಜಿಯಿತ್ತು, ಸಣ್ಣ ದಾರವಿತ್ತು, ನೆನ್ನೆ ಮಧ್ಯಾಹ್ನ ಯಾರೋ ಕೂತು ಹೊಲಿದು ಎದ್ದು ಹೋದ ಹಾಗೆ. ಸೂಜಿ ಬದಲಿಸಿದಳು. ದಾರ ಬದಲಿಸಿದಳು. ಹೆಬ್ಬೆರಳು ಚುಳ್ಳೆಂದಿತು, ನೋವು ಮೊಣಕೈಯವರೆಗೆ ಏರಿತು. ಕೈ ಬಿಡದೆ ತಿರುಪನ್ನು ಬಲಕ್ಕೆ ಎರಡು ಸುತ್ತು ತಿರುಗಿಸಿದಳು.